ಹಂಗೇರಿಯನ್‌ನಲ್ಲಿ ‘ಎಲ್ಲಿದೆ’ ಹೇಳಲು ನಾಲ್ಕು ದಾರಿ: ಹಿಡಿದು ನೋಡಿದ ಮೇಲೆ

ಹಂಗೇರಿಯ ದೆಬ್ರೆತ್ಸೆನ್ ಊರಿಗೆ ಬಂದ ಎರಡನೇ ವಾರ. ಕಸ ಹಾಕಲು ಹೊರಗೆ ಬಂದೆ, ಬಾಗಿಲು ಎಳೆದುಕೊಂಡು ಲಾಕ್ ಆಯಿತು. ಪಕ್ಕದ ಮನೆಯ ಅಜ್ಜಿ ಸದ್ದು ಕೇಳಿ ಬಂದು ‘ಹೊಲ್ ವನ್ ಅ ಕುಲ್ಚ್?’ ಎಂದರು. ಬೀಗದ ಕೈ ಎಲ್ಲಿದೆ? ಪ್ರಶ್ನೆ ಅರ್ಥವಾಯಿತು. ಒಳಗೆ ಮೇಜಿನ ಮೇಲಿದೆ ಅನ್ನಬೇಕು, ಬಾಯಿಗೆ ಒಂದು ಪದವೂ ಬರಲಿಲ್ಲ. ಶೌಚಾಲಯ ಎಲ್ಲಿ, ರೈಲ್ವೆ ಸ್ಟೇಷನ್ ಎಲ್ಲಿ ಎಂದು ಕೇಳಲು ಕಲಿತಿದ್ದೆ. ಯಾರಾದರೂ ನನ್ನನ್ನೇ ಕೇಳಿದರೆ ಹೇಳಲು ಕಲಿತಿರಲಿಲ್ಲ.

ಮನೆಯವರಿಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ. ನನಗೆ ಹಗಲೆಲ್ಲ ಬಿಡುವು. ಹಾಗಾಗಿ ಹತ್ತು ತಿಂಗಳಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆ: ಕಿಸೆಯಲ್ಲಿ ಇಟ್ಟುಕೊಳ್ಳುವ ಪದಪುಸ್ತಕ, ಫೋನಿನ ಆ್ಯಪ್, ಸಂಜೆಯ ಕ್ಲಾಸು, ಆ ಅಜ್ಜಿಯ ಅಡುಗೆಮನೆ. ಹಂಗೇರಿಯನ್ ಪದಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವರ ಗಿಡ್ಡ ‘ಅ’ ನಮ್ಮ ಅ ಮತ್ತು ಒ ನಡುವೆ ಎಲ್ಲೋ ಇದೆ ಎಂದು ಇಟ್ಟುಕೊಂಡು ಓದಿ.

ಪದಪುಸ್ತಕಕ್ಕೆ ಮೊದಲ ದಿನದ ಮಟ್ಟಿಗೆ ಸಾಟಿ ಇಲ್ಲ. ‘ಎಲ್ನೇಜ಼ೇಶ್ತ್, ಹೊಲ್ ವನ್ ಅ ಮೊಶ್ದೋ?’ ಎಂದರೆ ‘ಕ್ಷಮಿಸಿ, ಶೌಚಾಲಯ ಎಲ್ಲಿದೆ?’ ಇಷ್ಟನ್ನು ವಿಮಾನದಲ್ಲೇ ಬಾಯಿಪಾಠ ಮಾಡಬಹುದು. ಯೊಬ್ಬ್‌ರ ಎಂದರೆ ಬಲಕ್ಕೆ, ಬಲ್‌ರ ಎಂದರೆ ಎಡಕ್ಕೆ. (ಹೌದು, ಅವರ ‘ಬಲ್’ ನಮ್ಮ ಎಡ. ಕನ್ನಡದವರು ಇದೊಂದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು.) ಆದರೆ ಎರಡರ ಕೊನೆಗೂ ಇರುವ ‘ರ’ ಒಂದು ಪ್ರತ್ಯಯ, ‘ಮೇಜಿನ ಮೇಲಕ್ಕೆ’ ಎನ್ನುವಾಗಲೂ ಅದೇ ‘ರ’ ಬರುತ್ತದೆ ಎಂದು ಪುಸ್ತಕ ಹೇಳಲಿಲ್ಲ. ವಾಕ್ಯಗಳನ್ನು ಇಡಿಯಾಗಿ ಕೊಟ್ಟಿತು, ಬಿಡಿಸಿ ಕೊಡಲಿಲ್ಲ.

ಆ್ಯಪ್ ಅನ್ನು ದಿನಕ್ಕೆ ಕಾಲು ಗಂಟೆಯಂತೆ ಮೂರು ತಿಂಗಳು ಬಳಸಿದೆ. ಕಿವಿ ತಯಾರಾದದ್ದು ಅದರಿಂದಲೇ. ಹಂಗೇರಿಯನ್‌ನಲ್ಲಿ ಪ್ರತ್ಯಯದ ಸ್ವರ ಪದದ ಸ್ವರಕ್ಕೆ ಹೊಂದಬೇಕು. ಮನೆ ‘ಹಾಜ಼್’, ಮನೆಯಲ್ಲಿ ‘ಹಾಜ಼್‌ಬನ್’. ಜೇಬು ‘ಝೆಬ್’, ಜೇಬಿನಲ್ಲಿ ‘ಝೆಬ್‌ಬೆನ್’. ಬಾಯಿಯ ಹಿಂಭಾಗದಲ್ಲಿ ಹುಟ್ಟುವ ‘ಆ’ಯಂಥ ಸ್ವರಕ್ಕೆ ಬನ್, ಮುಂಭಾಗದಲ್ಲಿ ಹುಟ್ಟುವ ‘ಎ’ಯಂಥ ಸ್ವರಕ್ಕೆ ಬೆನ್. ನೂರು ಸಲ ಕೇಳಿದ ಮೇಲೆ ‘ಝೆಬ್‌ಬನ್’ ಅಂದರೆ ನನಗೇ ಕರ್ಕಶ ಅನ್ನಿಸತೊಡಗಿತು. ಯಾವ ನಿಯಮ ಓದಿದ್ದರೂ ಇದು ಬರುತ್ತಿರಲಿಲ್ಲ. (ಝೆಬ್ ಮತ್ತು ನಮ್ಮ ಜೇಬು ಒಂದೇ ಅರಬ್ಬಿ ಪದದ ಮಕ್ಕಳು. 1541ರಿಂದ 1686ರವರೆಗೆ ಬುದಾ (ಇಂದಿನ ಬುದಪೆಶ್ತ್‌ನ ಒಂದು ಭಾಗ) ತುರ್ಕರ ಕೈಯಲ್ಲಿತ್ತು, ಈ ಪದ ಅಲ್ಲಿಗೆ ಬಂದದ್ದು ತುರ್ಕಿಯ ಮೂಲಕ. ನಮಗೆ ಬಂದದ್ದು ಪಾರಸಿ, ಹಿಂದೂಸ್ತಾನಿಯ ದಾರಿಯಿಂದ.)

ಆ್ಯಪ್‌ನ ತೊಡಕು ಇಂಗ್ಲಿಷು, ಅದು ಕಲಿಸುವುದು ಇಂಗ್ಲಿಷಿನ ಮೂಲಕ. ಇಂಗ್ಲಿಷ್‌ನಲ್ಲಿ ‘ಮನೆಯಲ್ಲಿ’ಯ ‘ಅಲ್ಲಿ’ಗೆ ಸಮನಾದ ‘ಇನ್’ ಮೊದಲು ಬರುತ್ತದೆ, ‘ಮನೆ’ ಆಮೇಲೆ. ನಾನು ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷ್‌ಗೆ ತಿರುಗಿಸಿ, ಮತ್ತೆ ಹಂಗೇರಿಯನ್‌ಗೆ ತಿರುಗಿಸುತ್ತಿದ್ದೆ. ಮನೆ-ಯಲ್ಲಿ, ಹಾಜ಼್-ಬನ್: ಎರಡೂ ಒಂದೇ ಅಚ್ಚಿನಲ್ಲಿ ಎದುರಿಗೇ ಇದ್ದವು. ಅದು ಕಣ್ಣಿಗೆ ಬೀಳಲು ಮೂರು ತಿಂಗಳು ಹಿಡಿಯಿತು.

ಬಿದ್ದದ್ದು ಸಂಜೆಯ ಕ್ಲಾಸಿನಲ್ಲಿ. ಶಿಕ್ಷಕಿ ಬೋರ್ಡಿನ ಮೇಲೆ ಒಂಬತ್ತು ಮನೆಯ ಕೋಷ್ಟಕ ಬರೆದರು. ಅಡ್ಡಕ್ಕೆ ಮೂರು ಪ್ರಶ್ನೆ: ಹೊಲ್, ಹೊವ, ಹೊನ್ನನ್. ಅಂದರೆ ಎಲ್ಲಿ, ಎಲ್ಲಿಗೆ, ಎಲ್ಲಿಂದ. ಉದ್ದಕ್ಕೆ ಮೂರು ಜಾಗ: ಒಳಗೆ, ಮೇಲೆ, ಹತ್ತಿರ. ಒಳಗಿನದಕ್ಕೆ ಬನ್, ಬ, ಬೋಲ್. ಮೇಲಿನದಕ್ಕೆ ಒನ್, ರ, ರೋಲ್. ಹತ್ತಿರದ್ದಕ್ಕೆ ನಾಲ್, ಹೊಜ಼್, ತೋಲ್. ಕ್ಲಾಸಿನಲ್ಲಿದ್ದ ಬೇರೆಯವರು ತಲೆ ಹಿಡಿದು ಕೂತರು. ಆಮೇಲೆ ಪ್ರತ್ಯಯವಲ್ಲದೆ ಬಿಡಿಯಾಗಿ ಬರುವ ಪದಗಳನ್ನು ಬರೆದರು: ಮೆಲ್ಲೆತ್ತ್, ಮೆಲ್ಲೇ, ಮೆಲ್ಲೋಲ್. ನಾನು ನೋಟ್‌ಬುಕ್ಕಿನಲ್ಲಿ ಅದರ ಕೆಳಗೆ ಪಕ್ಕದಲ್ಲಿ, ಪಕ್ಕಕ್ಕೆ, ಪಕ್ಕದಿಂದ ಎಂದು ಬರೆದೆ. ಅಲತ್ತ್, ಅಲಾ, ಅಲೋಲ್: ಅಡಿಯಲ್ಲಿ, ಅಡಿಗೆ, ಅಡಿಯಿಂದ. ಪದಕ್ಕೆ ಪದ ಕೂತಿತು. ಎರಡು ಭಾಷೆಗೂ ಸಂಬಂಧವೇ ಇಲ್ಲ, ಅವರದು ಫಿನ್ನಿಷ್ ಕಡೆಯ ಬಳಗ. ಆದರೂ ಜಾಗ ಹೇಳುವ ರೀತಿ ಇಷ್ಟು ಹತ್ತಿರ.

ಇನ್ನೂ ಇವೆ. ಹತ್ತಿರದ್ದಕ್ಕೆ ಇತ್ತ್, ದೂರದ್ದಕ್ಕೆ ಒತ್ತ್: ಇಲ್ಲಿ, ಅಲ್ಲಿ. ಇಯೆನ್, ಒಯನ್: ಇಂಥ, ಅಂಥ. ‘ಮನೆ ದೊಡ್ಡದು’ ಎನ್ನಲು ನಮಗೆ ‘ಇದೆ’ ಬೇಡ, ಅವರಿಗೂ ‘ವನ್’ ಬೇಡ. ‘ಮನೆ ಅಲ್ಲಿದೆ’ ಎನ್ನಲು ನಮಗೂ ಬೇಕು, ಅವರಿಗೂ ಬೇಕು: ‘ಅ ಹಾಜ಼್ ಒತ್ತ್ ವನ್’. ಶಿಕ್ಷಕಿ ಇದನ್ನು ಅಪವಾದವೆಂದು ಅರ್ಧ ಗಂಟೆ ವಿವರಿಸಿದರು. ನನಗೆ ಅರ್ಧ ನಿಮಿಷ ಸಾಕಾಯಿತು.

ಅಲ್ಲೇ ಇನ್ನೊಂದು ವಿಷಯ ತಿಳಿಯಿತು. ಹಂಗೇರಿಯನ್ ಪದಗಳಿರುವ, ಈಗ ಉಳಿದಿರುವ ಅತಿ ಹಳೆಯ ಮೂಲಪ್ರತಿ 1055ರ ತಿಹನ್ಯ್ ಮಠದ ಸ್ಥಾಪನಾ ಪತ್ರ. ಬರೆದದ್ದು ಲ್ಯಾಟಿನ್‌ನಲ್ಲಿ, ನಡುವೆ ಫೆಹೇರ್ವಾರ್ ಎಂಬ ಊರಿಗೆ ಹೋಗುವ ಸೇನಾ ದಾರಿಯನ್ನು ಗುರುತಿಸುವ ಒಂದು ಹಂಗೇರಿಯನ್ ತುಣುಕು. ಇಂದಿನ ‘ರ’ ಅದರಲ್ಲಿ ‘ರೆಅ’ ಎಂದು ಬಿಡಿ ಪದವಾಗಿ ನಿಂತಿದೆ. ಪದ ಸವೆದು ಪ್ರತ್ಯಯವಾಗಿದೆ. ಹಳಗನ್ನಡದ ‘ಮನೆಯೊಳ್’ನ ‘ಒಳ್’ ನೆನಪಾಯಿತು. ನಾವು ಇಂದು ಬಳಸುವ ‘ಅಲ್ಲಿ’ಯೂ ಬಿಡಿಯಾಗಿ ನಿಂತರೆ ಪದವೇ ತಾನೆ.

ಕ್ಲಾಸಿನಲ್ಲಿ ಕಲಿತದ್ದು ಹೆಚ್ಚು, ನಿಜ. ಆದರೆ ವಾರಕ್ಕೆರಡು ದಿನ, ಹಾಳೆಯ ಮೇಲೆ ಬಿಟ್ಟ ಸ್ಥಳ ತುಂಬುವ ಕೆಲಸ. ಯೋಚಿಸಲು ಸಮಯವಿರುತ್ತಿತ್ತು. ಬಾಗಿಲಲ್ಲಿ ನಿಂತವರು ಅಷ್ಟು ಸಮಯ ಕೊಡುವುದಿಲ್ಲ.

ಅಜ್ಜಿಯ ಅಡುಗೆಮನೆಯಲ್ಲೂ ಕೊಡುತ್ತಿರಲಿಲ್ಲ. ಇಲ್ಲಿ ವಯಸ್ಸಾದ ಹೆಂಗಸರನ್ನು ‘ನೇನಿ’ ಎನ್ನುತ್ತಾರೆ, ನಾನೂ ಹಾಗೇ ಕರೆಯುವುದು. ಶುಕ್ರವಾರ ಅವರ ಮನೆಯಲ್ಲಿ ಅಡುಗೆ ಕಲಿಯಲು ಹೋಗುತ್ತಿದ್ದೆ. ಒಲೆಯ ಮೇಲೆ ಈರುಳ್ಳಿ ಬಾಡುತ್ತಿರುತ್ತದೆ, ಅವರು ತಿರುಗದೆಯೇ ಹೇಳುತ್ತಾರೆ: ಖಾರದ ಪುಡಿ ‘ಅ ಕಮ್ರಾಬನ್, ಅ ಪೊಲ್ತ್ಸೊನ್, ಅ ಲಿಸ್ತ್ ಮೆಲ್ಲೆತ್ತ್’. ಉಗ್ರಾಣದಲ್ಲಿ, ಶೆಲ್ಫಿನ ಮೇಲೆ, ಹಿಟ್ಟಿನ ಪಕ್ಕದಲ್ಲಿ. ಓಡಿ ತರಬೇಕು, ಇಲ್ಲದಿದ್ದರೆ ಈರುಳ್ಳಿ ಸೀಯುತ್ತದೆ. ತಂದ ಕೂಡಲೇ ‘ತೆದ್ದ್ ಅಜ಼್ ಅಸ್ತಲ್‌ರ!’, ಮೇಜಿನ ಮೇಲಿಡು. ಚಮಚ ‘ಅ ಫಿಯೋಕ್‌ಬೋಲ್’, ಡ್ರಾಯರಿನಿಂದ. ಎಲ್ಲಿ, ಎಲ್ಲಿಗೆ, ಎಲ್ಲಿಂದ, ಮೂರೂ ಒಂದೇ ಸಾರಿನಲ್ಲಿ.

ಒಮ್ಮೆ ದೀಪ ತೋರಿಸಿ ಎಲ್ಲಿದೆ ಎಂದರು. ‘ಅಜ಼್ ಅಸ್ತಲೊನ್’ ಎಂದೆ, ಮೇಜಿನ ಮೇಲೆ. ನೇನಿ ಅಂಗೈಯನ್ನು ಮೇಜಿಗೆ ಒತ್ತಿ ‘ಅಸ್ತಲೊನ್’ ಎಂದರು. ಆಮೇಲೆ ಕೈಯನ್ನು ಗೇಣು ಎತ್ತಿ ಗಾಳಿಯಲ್ಲಿ ಹಿಡಿದು ‘ಅಸ್ತಲ್ ಫೊಲೊತ್ತ್’. ತಾಗಿದ್ದರೆ ಒಂದು ಮಾತು, ತೂಗುತ್ತಿದ್ದರೆ ಇನ್ನೊಂದು. ನಮ್ಮ ‘ಮೇಲೆ’ ಎರಡಕ್ಕೂ ಸಲ್ಲುತ್ತದೆ, ಅದಕ್ಕೇ ತಪ್ಪಿದ್ದು. (‘ಫೊಲೊತ್ತ್’ನ ‘ಒ’ಗೆ ನಮ್ಮಲ್ಲಿ ಅಕ್ಷರವಿಲ್ಲ. ‘ಎ’ ಎನ್ನುವಂತೆ ನಾಲಿಗೆ ಇಟ್ಟು ತುಟಿ ಮಾತ್ರ ದುಂಡಗೆ ಮಾಡಿ.) ಆ ಕೈ ಎತ್ತಿದ್ದು ಇನ್ನೂ ಕಣ್ಣ ಮುಂದಿದೆ, ಮತ್ತೆಂದೂ ತಪ್ಪಿಲ್ಲ.

ಕನ್ನಡ ಕೈಕೊಡುವ ಜಾಗ ಇನ್ನೊಂದಿದೆ. ನಮ್ಮ ‘ಅಲ್ಲಿ’ ಅಂಗಡಿಗೂ ಪೋಸ್ಟಾಫೀಸಿಗೂ ಊರಿಗೂ ಒಂದೇ. ಅವರು ಅಂಗಡಿಯ ‘ಒಳಗೆ’ ಇರುತ್ತಾರೆ, ಆದರೆ ಪೋಸ್ಟಾಫೀಸು, ಮಾರುಕಟ್ಟೆ, ವಿಶ್ವವಿದ್ಯಾಲಯದ ‘ಮೇಲೆ’. ಬುದಪೆಶ್ತೆನ್, ಊರಿನ ಮೇಲೆ. ದೆಬ್ರೆತ್ಸೆನ್‌ಬೆನ್, ಊರಿನ ಒಳಗೆ. ಹಂಗೇರಿ ದೇಶದ ಮೇಲೆ, ಇಂಡಿಯಾದ ಒಳಗೆ. ಹೊರದೇಶದ ಊರುಗಳಿಗೆ ಸಾಮಾನ್ಯವಾಗಿ ‘ಒಳಗೆ’, ಅವರ ಬಹುಪಾಲು ಊರುಗಳಿಗೆ ‘ಮೇಲೆ’, ದೆಬ್ರೆತ್ಸೆನ್, ಎಗೆರ್, ಶೊಪ್ರೊನ್ ಥರದ ಕೆಲವು ಬಿಟ್ಟು. ಇಲ್ಲಿ ನೇನಿಯಿಂದಲೂ ಪ್ರಯೋಜನವಾಗಲಿಲ್ಲ. ‘ನಾವು ಹಾಗೇ ಅನ್ನುವುದು’ ಎಂದಷ್ಟೇ ಹೇಳಿದರು. ಉರು ಹೊಡೆಯಲು ಮತ್ತೆ ಆ್ಯಪ್ ತೆರೆದೆ, ಆ ಕೆಲಸಕ್ಕೆ ಅದೇ ಒಳ್ಳೆಯದು.

ಒಂದನ್ನೇ ಆರಿಸು ಎಂದರೆ ಅಡುಗೆಮನೆ ಎನ್ನುತ್ತೇನೆ, ಆದರೆ ಕೋಷ್ಟಕ ಕೈಯಲ್ಲಿ ಹಿಡಿದು ಹೋಗಿ. ಅದನ್ನು ಇಂಗ್ಲಿಷ್‌ನಲ್ಲಿ ಬರೆದುಕೊಳ್ಳಬೇಡಿ, ಕನ್ನಡದಲ್ಲಿ ಬರೆದುಕೊಳ್ಳಿ. ಕ್ಲಾಸಿಗೆ ದುಡ್ಡಿಲ್ಲದಿದ್ದರೂ ಆ ಒಂಬತ್ತು ಮನೆ ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಪದಪುಸ್ತಕ ಒಂದು ವಾರ ಸಾಕು.

ಮೊನ್ನೆ ಮನೆಯವರು ಬೀಗದ ಕೈ ಮರೆತು ಕೆಳಗಿನಿಂದ ಫೋನ್ ಮಾಡಿದರು. ನಾನು ಟ್ರಾಮಿನಲ್ಲಿದ್ದೆ. ಇನ್ನೊಂದು ಜೊತೆ ಈಗ ಪಕ್ಕದ ಮನೆಯಲ್ಲೇ ಇರುತ್ತದೆ. ‘ಅ ಕುಲ್ಚ್ ಅ ನೇನಿನೇಲ್ ವನ್’ ಎಂದೆ. ‘ನೇಲ್’ ಎಂದರೆ ಕೋಷ್ಟಕದ ಮೂರನೇ ಸಾಲಿನ ‘ನಾಲ್’, ನೇನಿಯ ಸ್ವರಕ್ಕೆ ಹೊಂದಿಕೊಂಡದ್ದು. ಮೇಜಿನ ಹತ್ತಿರಕ್ಕೂ ಅದೇ, ಒಬ್ಬರ ಹತ್ತಿರ ಇರುವುದಕ್ಕೂ ಅದೇ. ಬೀಗದ ಕೈ ನೇನಿ ಹತ್ತಿರ ಇದೆ.