ಶಿರಸಿ ಕಡೆ ‘ಹಳ್ಳಿಮನೆ ಪ್ಯಾಕೇಜ್’ಗೆ ಅಡ್ವಾನ್ಸ್ ಹಾಕೋ ಮುಂಚೆ ಇದನ್ನು ಓದಿ

ಸಂಕ್ರಾಂತಿ ಕಳೀತು ಅಂದ್ರೆ ಘಟ್ಟದ ಮೇಲೆ ಕಬ್ಬು ಹಿಂಡಿ ಬೆಲ್ಲ ಕಾಯಿಸೋ ಆಲೆಮನೆ ಶುರು. ಮೊಬೈಲಲ್ಲಿ ಜಾಹೀರಾತೂ ಶುರು. ತೋಟದ ಮನೆ, ಮಲೆನಾಡ ಊಟ, ಕೋಣನ ಗಾಣ, ಜಲಪಾತ, ಎಲ್ಲಾ ಸೇರಿ ತಲೆಗೆ 2,200 ರೂಪಾಯಿ. ದಯವಿಟ್ಟು ದುಡ್ಡು ಹಾಕಬೇಡಿ, ಮೊದಲು ಇದನ್ನು ಓದಿ.

ನಾವು ಕಾರವಾರದವರು. ಪುಣೆಯಿಂದ ಅಕ್ಕ, ಭಾವ, ಮಕ್ಕಳು ಬಂದಿದ್ರು. ಭಾವನಿಗೆ ನಮ್ಮ ಜಿಲ್ಲೆ ಅಂದ್ರೆ ಸಮುದ್ರ ಅಷ್ಟೇ ಗೊತ್ತು. ಘಟ್ಟದ ಮೇಲೂ ಒಂದು ಲೋಕ ಇದೆ, ತೋರಿಸ್ತೇನೆ ಬನ್ನಿ ಅಂತ ನಾನೇ ಮುಂದೆ ನಿಂತು ಬುಕ್ ಮಾಡಿದ್ದು. ಸುಮ್ಮನೆ ಮಾಡಿದ್ದಲ್ಲ, ಫೋನಲ್ಲಿ ಬಿಡಿಸಿ ಬಿಡಿಸಿ ಕೇಳಿದ್ದೆ. ಕೋಣನ ಗಾಣ ಇದೆಯಾ? “ಇದೆ ಸರ್.” ಮನೆಯವರೇ ಅಡುಗೆ ಮಾಡ್ತಾರಾ? “ನಮ್ಮ ಅಮ್ಮನೇ ಮಾಡೋದು ಸರ್.” ಫೋಟೋದಲ್ಲಿರೋ ಮನೆಯೇ ತಾನೇ? “ಡೌಟೇ ಬೇಡ ಸರ್.” ಅರ್ಧ ದುಡ್ಡು ಅಡ್ವಾನ್ಸ್ ಹಾಕಿದೆ.

ಫೋಟೋದಲ್ಲಿ ಹಂಚಿನ ಮನೆ, ಮರದ ಕಂಬದ ಜಗುಲಿ, ಅಂಗಳದಲ್ಲಿ ಒಣಗೋಕೆ ಹಾಕಿದ ಅಡಿಕೆ. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಹೋಗಿ ನೋಡಿದ್ರೆ ರಸ್ತೆ ಪಕ್ಕ ಸಾಲಾಗಿ ಶೀಟ್ ಹೊದೆಸಿದ ಎಂಟು ರೂಮು. ರಾತ್ರಿಯಿಡೀ ಲಾರಿ ಸದ್ದು. ಬಾಗಿಲಲ್ಲಿ ಬೀಗದ ಕೈ ಹಿಡ್ಕೊಂಡು ಒಬ್ಬ ಹುಡುಗ, ಮನೆಯವರು ಅನ್ನೋರು ಒಬ್ಬರೂ ಇಲ್ಲ. ಮಾಲೀಕನಿಗೆ ಫೋನ್ ಮಾಡಿ ಆ ಮನೆ ಎಲ್ಲಿ ಅಂತ ಕೇಳಿದೆ. “ಅದು ನಮ್ಮ ಮಾವನ ಮನೆ ಸರ್. ಒಂದು ಐಡಿಯಾ ಬರ್ಲಿ ಅಂತ ಫೋಟೋ ಹಾಕಿದ್ದು.” ಐಡಿಯಾ ಬರ್ಲಿ ಅಂತ!

ಸಂಜೆ ಆಲೆಮನೆ ಅಂತ ಹಿಂದುಗಡೆ ಕರ್ಕೊಂಡು ಹೋದ್ರು. ಅಲ್ಲಿದ್ದದ್ದು ಪೇಟೆ ಬದಿಯಲ್ಲಿ ಕಬ್ಬಿನ ಹಾಲು ಹಿಂಡೋ ಮೋಟಾರ್ ಮಷೀನು. ಗ್ಯಾಸ್ ಒಲೆ ಮೇಲೊಂದು ಪಾತ್ರೆ, ಅದರಲ್ಲಿ ಡಬ್ಬಿಯಿಂದ ಸುರಿದ ಜೋನಿ ಬೆಲ್ಲ (ನೀರು ಬೆಲ್ಲ) ಬಿಸಿ ಆಗ್ತಾ ಇತ್ತು. ಡಬ್ಬಿ ಪಕ್ಕದಲ್ಲೇ ಬಿದ್ದಿತ್ತು, ಮುಚ್ಚಿಡೋ ನಾಚಿಕೆಯೂ ಇಲ್ಲ. ಅಕ್ಕನ ಮಗ “ಮಾಮಾ, ಕೋಣ ಎಲ್ಲಿ?” ಅಂದ. ಅಷ್ಟೊತ್ತಿಗೆ ಬಂದಿದ್ದ ಮಾಲೀಕ ನನ್ನ ಮುಖ ನೋಡದೆ ಹೇಳಿದ್ದು, “ಕೋಣ ಇವತ್ತು ಬೇರೆ ಕಡೆ ಹೋಗಿದೆ ಸರ್. ಹಾಲು ಹಾಲೇ ಅಲ್ವಾ, ಯಾವುದ್ರಲ್ಲಿ ಹಿಂಡಿದ್ರೇನು?” ಭಾವ ಒಂದು ಮಾತೂ ಆಡಲಿಲ್ಲ. ಬೈದಿದ್ರೆ ಒಳ್ಳೇದಿತ್ತು. ಅವರ ಎದುರು ತಲೆ ಎತ್ತೋಕೆ ಆಗಲಿಲ್ಲ ನನಗೆ.

ನಿಜವಾದ ಆಲೆಮನೆ ಗೊತ್ತಿದ್ದವರಿಗೆ ಈ ಸಂಕಟ ಅರ್ಥ ಆಗ್ತದೆ. ಕೊಪ್ಪರಿಗೆ ಕುದಿಯೋ ವಾಸನೆ ದೂರದಿಂದಲೇ ಬರ್ತದೆ. ಹೋದವರಿಗೆಲ್ಲ ಕಬ್ಬಿನ ಹಾಲು ಸಾಕು ಸಾಕು ಅನ್ನೋವಷ್ಟು ಕೊಡ್ತಾರೆ, ಜೊತೆಗೆ ಮಂಡಕ್ಕಿ, ಮಿರ್ಚಿ. ಬಂದವರ ಹತ್ರ ದುಡ್ಡು ಕೇಳೋ ಪದ್ಧತಿಯೇ ಇರಲಿಲ್ಲ. ಅಂಥದ್ದರ ಹೆಸರು ಹೇಳಿ ಈ ಮೋಸ.

ಊಟದ್ದೂ ಅದೇ ಕತೆ. ಮಾವಿನ ಅಪ್ಪೆಮಿಡಿಯಿಂದ ಮಾಡೋ ಅಪ್ಪೆಹುಳಿ ಅಂತ ಬಡಿಸಿದ್ದು ಹುಣಸೆನೀರು. ಅಪ್ಪೆಮಿಡಿಯ ಪರಿಮಳ ಮೂಗಿಗೆ ಗೊತ್ತಾಗೋದಿಲ್ವಾ? ತಂಬುಳಿ ಇಲ್ಲ, ಕೆಸುವಿನ ಸೊಪ್ಪಿನ ಕರಕಲಿ ಇಲ್ಲ. ತೊಡೆದೇವು ಅನ್ನೋ ತೆಳು ಸಿಹಿ ತಿಂಡಿ ಪ್ಲಾಸ್ಟಿಕ್ ಪ್ಯಾಕೆಟ್ಟಿಂದು. ಮಡಕೆ ಮೇಲೆ ಬಟ್ಟೆಯಲ್ಲಿ ಹಿಟ್ಟು ಬಳಿಯೋದನ್ನ ಮಕ್ಕಳಿಗೆ ತೋರಿಸ್ತೇವೆ ಅಂತ ಬರೆದಿದ್ರಲ್ಲ ಅಂದ್ರೆ, “ಮಾಡೋರು ರಜೆ ಸರ್.” ಅಮ್ಮ ಎಲ್ಲಿ ಅಂದ್ರೆ, “ಅಮ್ಮನಿಗೆ ಹುಷಾರಿಲ್ಲ ಸರ್.”

ಮರುದಿನ ಸಹಸ್ರಲಿಂಗಕ್ಕೆ ಅಂತ ತಲೆಗೆ 150 ‘ಎಂಟ್ರಿ ಫೀ’ ತಗೊಂಡ್ರು. ಹೋಗಿ ನೋಡಿದ್ರೆ ಶಾಲ್ಮಲಾ ನದಿ ಹರೀತಾ ಇದೆ, ಬಂಡೆ ಮೇಲೆ ಲಿಂಗಗಳಿವೆ, ಕೌಂಟರೂ ಇಲ್ಲ ಟಿಕೆಟ್ಟೂ ಇಲ್ಲ. ನೀರು ಇಳಿದಿತ್ತು, ಲಿಂಗ, ನಂದಿ ಎಲ್ಲ ಚೆನ್ನಾಗಿ ಕಾಣ್ತಿದ್ವು. ಇಡೀ ಪ್ರಯಾಣದಲ್ಲಿ ಮಕ್ಕಳು ನಕ್ಕಿದ್ದು ಅಲ್ಲಿ ಮಾತ್ರ. ಉಂಚಳ್ಳಿ ಜಲಪಾತಕ್ಕೆ ಕರ್ಕೊಂಡು ಹೋಗಲೇ ಇಲ್ಲ. “ಅದಕ್ಕೆ ಗಾಡಿ ಎಕ್ಸ್‌ಟ್ರಾ ಸರ್.” 116 ಮೀಟರ್ ಜಲಪಾತ ಅಂತ ಮಳೆಗಾಲದ ಫೋಟೋ ಹಾಕಿ ದುಡ್ಡು ತಗೊಂಡವರು ಇವರೇ.

ದುಡ್ಡು ವಾಪಸ್ ಕೇಳಿದೆ. “ಉಳಿದಿದ್ದೀರಿ, ಉಂಡಿದ್ದೀರಿ, ಈಗ ಎಂತದ್ದು ವಾಪಸ್?” ಮತ್ತೆ ಮೆಸೇಜ್ ಹಾಕಿದ್ದಕ್ಕೆ ಬಂದದ್ದು, “ನೀವು ಇಲ್ಲಿಯವರೇ ಅಲ್ವಾ, ಇಷ್ಟು ದೊಡ್ಡದು ಮಾಡ್ಬೇಡಿ.” ಆಮೇಲೆ ಬ್ಲಾಕ್. ಇಲ್ಲಿಯವನು ಅನ್ನೋದಕ್ಕೇ ನನಗೆ ಹೊಟ್ಟೆ ಉರಿಯೋದು.

ಒಳ್ಳೆ ಮನೆಗಳು ಬೇಕಾದಷ್ಟಿವೆ. ಇಂಥವರಿಂದ ಅವರ ಹೆಸರೂ ಕೆಡ್ತದೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರ ಕೇಳಿ. ಹೋಮ್‌ಸ್ಟೇ ಅಂದ್ರೆ ಮಾಲೀಕರ ಸಂಸಾರ ಅಲ್ಲೇ ಇರಬೇಕು, ಬಾಡಿಗೆಗೆ 5 ರೂಮಿಗಿಂತ ಹೆಚ್ಚು ಕೊಡೋ ಹಾಗಿಲ್ಲ. ವಿಡಿಯೋ ಕಾಲ್ ಮಾಡಿ ಮನೆ ತೋರಿಸಿ ಅನ್ನಿ, ಗಾಣ ತೋರಿಸಿ ಅನ್ನಿ, ಕೋಣ ತೋರಿಸಿ ಅನ್ನಿ. ತೋರಿಸೋಕೆ ಹಿಂದೆಮುಂದೆ ನೋಡಿದ್ರೆ ಅಲ್ಲಿಗೇ ಬಿಡಿ. ಮಾತಾಡಿದ್ದನ್ನೆಲ್ಲ ಮೆಸೇಜಲ್ಲಿ ಬರೆಸ್ಕೊಳ್ಳಿ. ಗ್ರಾಹಕ ಸಹಾಯವಾಣಿ 1915ಕ್ಕೆ ನಾನು ದೂರು ಕೊಟ್ಟಿದ್ದೇನೆ, ಸ್ಕ್ರೀನ್‌ಶಾಟ್ ಎಲ್ಲ ಇಟ್ಟಿದ್ದೇನೆ. ನಿಮಗೂ ಹೀಗೇ ಆಗಿದ್ರೆ ಸುಮ್ಮನಿರಬೇಡಿ, ನೀವೂ ದೂರು ಕೊಡಿ.