ಜುಮುಕಿಗೆ ನಾಲ್ಕು ಸ್ಟಾರ್, ಅದರ ಕಡ್ಡಿಗೆ ಸೊನ್ನೆ

ದುಗ್ಗಮ್ಮನ ಜಾತ್ರೆಗೆ ಅಂತ ದಾವಣಗೆರೆಯಲ್ಲೇ ಒಂದು ಫ್ಯಾನ್ಸಿ ಅಂಗಡಿಯಲ್ಲಿ ಈ ಒನ್ ಗ್ರಾಂ ಗೋಲ್ಡ್ ಜುಮುಕಿ ತಗೊಂಡೆ. 450 ರೂಪಾಯಿ. ಕೆಲಸ ನಾಜೂಕಾಗಿದೆ. ಕೆಳಗಿನ ಮುತ್ತು ಒಂದೂ ಉದುರಿಲ್ಲ, ಬಣ್ಣವೂ ಮಾಸಿಲ್ಲ. ಜಾತ್ರೆ ಊಟಕ್ಕೆ ಬಂದ ನೆಂಟರು ಚಿನ್ನದ್ದೇ ಅಂದುಕೊಂಡರು. ನಾನೂ ತಿದ್ದಲಿಲ್ಲ!

ತೊಂದರೆ ಇರುವುದು ಕಿವಿಯೊಳಗೆ ಹೋಗುವ ಕಡ್ಡಿ ಮತ್ತು ತಿರುಪಿನಲ್ಲಿ. ಮಾರ್ಚ್ ಬಿಸಿಲು, ಮೈಯೆಲ್ಲ ಬೆವರು, ರಾತ್ರಿ ತನಕ ಕಿವಿಯಲ್ಲೇ ಇತ್ತು. ಮಾರನೇ ದಿನ ತುರಿಕೆ ಶುರುವಾಯಿತು. ಆಮೇಲೆ ಹಾಲೆ ಕೆಂಪಗೆ ಊದಿ ನೀರು ಸೋರಿತು. "ನಿಂಗೆ ಇಮ್ಯುನಿಟಿ ಕಮ್ಮಿ ಐತಿ ನೋಡವ್ವ" ಅಂತ ಅತ್ತೆ ಅಮೃತಬಳ್ಳಿ ಕಷಾಯ ಕುಡಿಸಿದರು.

ಚರ್ಮದ ಡಾಕ್ಟರು ಹೇಳಿದ್ದು ಪೂರ್ತಿ ಉಲ್ಟಾ. ಇಮ್ಯುನಿಟಿ ಕಡಿಮೆಯಾಗಿ ಬಂದದ್ದಲ್ಲ, ಅದು ಬೇಡದ ಕಡೆ ಜಾಸ್ತಿ ಚುರುಕಾಗಿ ಬಂದದ್ದು. ಕಡ್ಡಿಯಲ್ಲಿರುವ ನಿಕಲ್ ಅನ್ನುವ ಲೋಹ ಬೆವರಿಗೆ ಸ್ವಲ್ಪ ಸ್ವಲ್ಪವೇ ಕರಗಿ ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಮೈ ಕಾಯುವ ಟಿ ಜೀವಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ) ಅದನ್ನು ಶತ್ರು ಅಂತ ಗುರುತಿಟ್ಟುಕೊಳ್ಳುತ್ತವೆ. ಹಾಗೆ ಒಮ್ಮೆ ಗುರುತಿಟ್ಟರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಮತ್ತೆ ನಿಕಲ್ ತಾಗಿದರೆ ಒಂದೆರಡು ದಿನದಲ್ಲಿ ಅದೇ ತುರಿಕೆ. ಖಾತ್ರಿಗೆ ಪ್ಯಾಚ್ ಟೆಸ್ಟ್, ಅಂದರೆ ಯಾವ ವಸ್ತು ಚರ್ಮಕ್ಕೆ ಆಗದು ಅಂತ ನೋಡುವ ಪರೀಕ್ಷೆ ಮಾಡಿದರು. ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ಗಂಟೆ ಬಿಟ್ಟು ತೆಗೆದಾಗ ನಿಕಲ್ ಇಟ್ಟ ಜಾಗ ಮಾತ್ರ ಕೆಂಪಾಗಿತ್ತು. ಜೀನ್ಸ್ ಗುಂಡಿ ತಾಗುವ ಕಡೆ ಹೊಕ್ಕುಳ ಕೆಳಗೆ ಯಾಕೆ ಕೆರೆಯುತ್ತಿತ್ತು ಅನ್ನುವುದೂ ಆಗಲೇ ಗೊತ್ತಾಗಿದ್ದು.

ಅಂಗಡಿಗೆ ಹೋಗಿ ಕೇಳಿದೆ. ಆರು ತಿಂಗಳ ಗ್ಯಾರಂಟಿ ಬಣ್ಣಕ್ಕಂತೆ, ತುರಿಕೆಗಲ್ಲವಂತೆ. ಒಳಗಿನ ಲೋಹ ಯಾವುದು ಅಂದರೆ "ಮೈಕ್ರೋ ಪ್ಲೇಟಿಂಗ್ ಮೇಡಂ" ಅಷ್ಟೇ ಉತ್ತರ. ಇಂಥ ಒಡವೆಗಳಲ್ಲಿ ಹಿತ್ತಾಳೆ ಇಲ್ಲವೇ ತಾಮ್ರದ ಮೇಲೆ ಎಷ್ಟೋ ಸಲ ಮೊದಲು ನಿಕಲ್ ಪದರ ಕೊಟ್ಟು, ಆಮೇಲೆ ತೆಳ್ಳಗೆ ಚಿನ್ನ ಹಿಡಿಸುತ್ತಾರೆ. ನಿಕಲ್ ಇದ್ದರೆ ಹೊಳಪು ಬರುತ್ತದೆ, ಕೆಳಗಿನ ತಾಮ್ರ ಮೇಲೆ ಬಂದು ಬಣ್ಣ ಕೆಡಿಸುವುದಿಲ್ಲ. ಅಂದರೆ ಅವರು ಗ್ಯಾರಂಟಿ ಕೊಡುವ ಬಣ್ಣ ಉಳಿಯುವುದೇ ನನ್ನ ಕಿವಿಗೆ ಆಗದ ವಸ್ತುವಿನಿಂದ! ಕೆಳಗೆ ತೂಗುವ ಜುಮುಕಿ ಬಟ್ಟಲಿಗೆ ಅದೇನಾದರೂ ಇರಲಿ. ಆದರೆ ತಿರುಪು ಹಾಕಿ ತೆಗೆದು ಕಡ್ಡಿಯ ಮೇಲಿನ ಚಿನ್ನ ಬೇಗ ಸವೆಯುತ್ತದೆ ಅಲ್ವಾ? ಯುರೋಪಿನಲ್ಲಿ ಚುಚ್ಚಿದ ತೂತಿಗೆ ಹಾಕುವ ಕಡ್ಡಿ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂನಷ್ಟೂ ನಿಕಲ್ ಬಿಡಬಾರದು ಅಂತ ನಿಯಮವಿದೆ. ನಮ್ಮ ಅಂಗಡಿಯಲ್ಲಿ ಆ ಪ್ರಶ್ನೆ ಕೇಳಿದರೆ ಮಿಕಮಿಕ ನೋಡುತ್ತಾರೆ.

ನನ್ನ ತಂಗಿ ಇದನ್ನೇ ಇಡೀ ದಿನ ಹಾಕುತ್ತಾಳೆ, ಅವಳಿಗೆ ಏನೂ ಆಗಿಲ್ಲ. ಎಲ್ಲರಿಗೂ ಆಗುವ ಅಲರ್ಜಿ ಅಲ್ಲ ಇದು. ನಿಮಗೆ ಆಗುವುದಾದರೆ ಬಟ್ಟಲು ಬೇರೆ ಬಿಚ್ಚುವಂಥ ಮಾದರಿಯನ್ನೇ ತಗೊಳ್ಳಿ. ನಾನು ಈಗ ಬಟ್ಟಲು ಬಿಚ್ಚಿ ನನ್ನ ಹಳೇ 22 ಕ್ಯಾರೆಟ್ ಓಲೆಗೆ ನೇತು ಹಾಕಿಕೊಳ್ಳುತ್ತೇನೆ. ಆ ಚಿನ್ನಕ್ಕೆ ಸಾಮಾನ್ಯವಾಗಿ ಬೆರೆಸುವುದು ತಾಮ್ರ, ಬೆಳ್ಳಿ. ಕಿವಿ ಸುಮ್ಮನಿದೆ.