ಕಿಮಿ ನಿ ತೊಡೊಕೆ: ಪುಟದಲ್ಲಿದ್ದ ಮೌನ ಪರದೆಗೆ ಬಂತಾ?

ಕಿಮಿ ನಿ ತೊಡೊಕೆ ಮಾಂಗಾದ (ಜಪಾನಿ ಕಾಮಿಕ್ಸ್) 30 ಸಂಪುಟಗಳನ್ನೂ ನಾನು ಮೊದಲು ಓದಿದ್ದೆ, ಅದರ ಆನಿಮೆ (ಅನಿಮೇಷನ್ ಸರಣಿ) ನೋಡಿದ್ದು ಆಮೇಲೆ. ಹಾಗಾಗಿ ಇದು ಪುಸ್ತಕದ ಕಡೆ ವಾಲಿದವಳ ವಿಮರ್ಶೆ ಅಂತ ಮೊದಲೇ ಹೇಳಿಬಿಡುತ್ತೇನೆ. ಮೂರೂ ಸೀಸನ್‌ಗಳನ್ನು ಈಚೆಗೆ ತಂಗಿಯ ಜೊತೆ ಕೂತು ಇನ್ನೊಮ್ಮೆ ನೋಡಿದೆ. ಅವಳು ಮಾಂಗಾ ಓದಿಲ್ಲ. ನನ್ನ ಕಣ್ಣು ತುಂಬಿದ ಕಡೆ ಅವಳು ಸುಮ್ನೆ ನೋಡುತ್ತಿದ್ದಳು, ಅವಳು ಕಣ್ಣೀರು ಹಾಕಿದ ಕಡೆ ನನಗೆ ಏನೋ ಕಡಿಮೆಯಾಯಿತು ಅನಿಸುತ್ತಿತ್ತು. ಒಂದೇ ಕತೆ, ಒಂದೇ ಸೋಫಾ. ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ಯೋಚಿಸುತ್ತಾ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಕತೆ ಚಿಕ್ಕದಾಗಿ. ಕುರೊನುಮಾ ಸವಾಕೊ ಉದ್ದ ಕಪ್ಪು ಕೂದಲಿನ, ಮಾತು ಕಡಿಮೆಯ ಹುಡುಗಿ. ಕ್ಲಾಸಿನವರು ಅವಳನ್ನು ರಿಂಗ್ ಸಿನಿಮಾದ ದೆವ್ವದ ಹೆಸರಿನಿಂದ ಸದಾಕೊ ಅಂತ ಕರೆಯುತ್ತಾರೆ, ಅವಳ ಕಣ್ಣಲ್ಲಿ ಕಣ್ಣಿಟ್ಟರೆ ಶಾಪ ತಟ್ಟುತ್ತದೆ ಅಂತ ಹೆದರುತ್ತಾರೆ. ಎಲ್ಲರಿಗೂ ಬೇಕಾದ ಕಝೆಹಾಯಾ ಮಾತ್ರ ಅವಳನ್ನು ಉಳಿದವರಂತೆಯೇ ಮಾತಾಡಿಸುತ್ತಾನೆ. ಕತೆ ಶುರುವಾಗುವುದು ಅಲ್ಲಿಂದ. ಬರೆದು ಚಿತ್ರಿಸಿದವರು ಶೀನಾ ಕರುಹೊ. ಬೆಸ್ಸಾತ್ಸು ಮಾರ್ಗರೆಟ್ ಪತ್ರಿಕೆಯಲ್ಲಿ ವರ್ಷಗಟ್ಟಲೆ ಬಂದು 2017ರಲ್ಲಿ ಮುಗಿಯಿತು. ಪ್ರೊಡಕ್ಷನ್ ಐ.ಜಿ. ಸ್ಟುಡಿಯೊದ ಮೊದಲ ಸೀಸನ್ 2009ರ ಅಕ್ಟೋಬರ್‌ನಲ್ಲಿ ಶುರುವಾಯಿತು. ನಿರ್ದೇಶಕರು ಕಾಬುರಾಕಿ ಹಿರೊ, ಒಟ್ಟು 25 ಕಂತು.

ಈ 25 ಅನ್ನುವ ಸಂಖ್ಯೆಯೇ ಇದರ ದೊಡ್ಡ ಪುಣ್ಯ, ನಿಧಾನಕ್ಕೆ ಜಾಗ ಸಿಕ್ಕಿತು.

ಯಾಕೆ ಅಂದರೆ, ಮಾಂಗಾ ಓದುವಾಗ ಸಮಯ ನಮ್ಮ ಕೈಲಿರುತ್ತದೆ. ಒಂದು ಚೌಕದಲ್ಲಿ ಹುಡುಗ ತಲೆ ಎತ್ತುತ್ತಾನೆ, ಮುಂದಿನದರಲ್ಲಿ ಹುಡುಗಿಯ ಕಣ್ಣು. ನಡುವೆ ಒಂದು ಬಿಳಿ ಗೆರೆ ಅಷ್ಟೇ. ಆ ಗೆರೆಯ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಅಂತ ನಾವೇ ತೀರ್ಮಾನಿಸುತ್ತೇವೆ. ಶೀನಾ ಅವರು ಸವಾಕೊಳ ಯೋಚನೆಗಳನ್ನು ಮಾತಿನ ಬಲೂನಿನ ಹೊರಗೆ, ಖಾಲಿ ಜಾಗದಲ್ಲಿ ಚೂರು ಚೂರಾಗಿ ಬಿಡುತ್ತಾರೆ. ಅದನ್ನು ಓದುವಾಗ ಅವಳ ಮನಸ್ಸು ನಮ್ಮದೇ ದನಿಯಲ್ಲಿ ಕೇಳಿಸುತ್ತದೆ. ಪರದೆಯಲ್ಲಿ ಈ ಎರಡೂ ಹೋಗುತ್ತವೆ. ಎಷ್ಟು ಹೊತ್ತು ಅನ್ನುವುದನ್ನು ನಿರ್ದೇಶಕರು ಹೇಳುತ್ತಾರೆ, ಯಾವ ದನಿ ಅನ್ನುವುದನ್ನು ಕಲಾವಿದೆ ಹೇಳುತ್ತಾರೆ. ಆನಿಮೆ ಗೆದ್ದಿತಾ ಸೋತಿತಾ ಅನ್ನುವುದು ಇವರಿಬ್ಬರ ಕೈಲಿದೆ.

ಮೊದಲ ಸೀಸನ್‌ನಲ್ಲಿ ಇಬ್ಬರೂ ಗೆದ್ದಿದ್ದಾರೆ. ಸವಾಕೊಗೆ ದನಿ ಕೊಟ್ಟವರು ನೊತೊ ಮಾಮಿಕೊ. ಮೆಲುದನಿ, ಮಾತಿಗೆ ಮುಂಚೆ ಒಂದು ಸಣ್ಣ ಉಸಿರು. ‘ಹೇಳಲಾ ಬೇಡವಾ’ ಅಂತ ಅಳೆದು ಸುರಿಯುವ ಹುಡುಗಿಯ ಉಸಿರು ಅದು. ಪುಸ್ತಕದಲ್ಲಿ ಈ ಉಸಿರು ಇರಲಿಲ್ಲ, ಇರಲು ಸಾಧ್ಯವೂ ಇಲ್ಲ. ಇದು ಆನಿಮೆ ತಾನಾಗಿ ಸೇರಿಸಿದ್ದು, ಈಗ ಪುಸ್ತಕ ತೆರೆದರೂ ನನಗೆ ಅದೇ ಕೇಳಿಸುತ್ತದೆ.

ಸೀಟು ಬದಲಾಯಿಸುವ ದೃಶ್ಯ ನೋಡಿ. ಸವಾಕೊ ಪಕ್ಕ ಕೂರಲು ಕ್ಲಾಸಿನಲ್ಲಿ ಎಲ್ಲರೂ ಹಿಂಜರಿಯುತ್ತಾರೆ. ಅವಳಿಗೆ ಸಿಟ್ಟಿಲ್ಲ. ತನ್ನಿಂದ ಬೇರೆಯವರಿಗೆ ತೊಂದರೆ ಆಯಿತಲ್ಲ ಅನ್ನುವ ಸಂಕಟ ಅಷ್ಟೇ. ಆಗ ಕಝೆಹಾಯಾ ಬಂದು ಪಕ್ಕದಲ್ಲಿ ಕೂರುತ್ತಾನೆ, ಅವನ ಹಿಂದೆಯೇ ಅದೇ ಕ್ಲಾಸಿನ ಯೊಶಿದಾ ಚಿಝುರು, ಯಾನೊ ಅಯಾನೆ ಅನ್ನುವ ಹುಡುಗಿಯರು, ರ್ಯೂ ಅನ್ನುವ ಹುಡುಗ ಕೂಡ ಬರುತ್ತಾರೆ. ಭಾಷಣ ಇಲ್ಲ, ನ್ಯಾಯ ಹೇಳುವುದಿಲ್ಲ. ಕುರ್ಚಿ ಎಳೆದು ಕೂತರು, ಮುಗಿಯಿತು. ಯಾರಾದರೂ ನಮ್ಮ ಪಕ್ಕ ಸುಮ್ನೆ ಬಂದು ಕೂತರೆ ಎಷ್ಟು ದೊಡ್ಡದು ಅಂತ ಶಾಲೆಯಲ್ಲಿ ಒಂಟಿಯಾಗಿ ಕೂತವರಿಗೆಲ್ಲ ಗೊತ್ತು. ಆನಿಮೆ ಇಲ್ಲಿ ಅವಸರ ಮಾಡಿಲ್ಲ. ಬಣ್ಣ ತಿಳಿಯಾಗುತ್ತದೆ, ಸವಾಕೊಳ ಮುಖದಲ್ಲಿ ‘ಇದು ನಿಜವಾ’ ಅನ್ನುವ ಅನುಮಾನ ಪೂರ್ತಿ ಕರಗುವ ತನಕ ನಾವು ಕಾಯುತ್ತೇವೆ.

ಇನ್ನೊಂದು ವಿಷಯ ಕನ್ನಡದವರಿಗೆ ಬೇಗ ಹತ್ತುತ್ತದೆ ಅನ್ನಿಸುತ್ತದೆ. ನಮ್ಮಲ್ಲಿ ‘ನೀವು’ ಅನ್ನುತ್ತಿದ್ದವರು ಮೊದಲ ಸಲ ‘ನೀನು’ ಅಂದ ದಿನ ನೆನಪಿರುತ್ತದೆ ಅಲ್ವಾ? ಜಪಾನಿನಲ್ಲಿ ಆ ಕೆಲಸವನ್ನು ಹೆಸರುಗಳು ಮಾಡುತ್ತವೆ. ಸವಾಕೊ ಗೆಳತಿಯರನ್ನು ಮೊದಲು ಮನೆತನದ ಹೆಸರಿಗೆ ‘ಸಾನ್’ ಸೇರಿಸಿ ಕರೆಯುತ್ತಾಳೆ, ಯೊಶಿದಾ-ಸಾನ್, ಯಾನೊ-ಸಾನ್ ಅಂತ. ಆಮೇಲೆ ಅದು ಸ್ವಂತ ಹೆಸರಿಗೆ ಸಲುಗೆಯ ‘ಚಾನ್’ ಸೇರಿ ಚಿಝು-ಚಾನ್, ಅಯಾನೆ-ಚಾನ್ ಆಗುತ್ತದೆ. ಕೆಳಗಿನ ಇಂಗ್ಲಿಷ್ ಸಾಲು ನೋಡುತ್ತಾ ಹೋದರೆ ಈ ಬದಲಾವಣೆ ಸುಲಭವಾಗಿ ತಪ್ಪಿಹೋಗುತ್ತದೆ, ಆದರೆ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ಸಬ್‌ಟೈಟಲ್ ಓದುವಾಗಲೂ ಒಂದು ಕಿವಿ ಹೆಸರುಗಳ ಕಡೆ ಇಟ್ಟಿರಿ. ಡಬ್ ಬೇಡ, ಜಪಾನಿ ದನಿಯಲ್ಲೇ ನೋಡಿ.

ಇನ್ನು 2011ರ ಎರಡನೇ ಸೀಸನ್. ನನ್ನ ತಕರಾರೆಲ್ಲ ಇಲ್ಲಿದೆ. ವ್ಯಾಲೆಂಟೈನ್ಸ್ ದಿನ ಸವಾಕೊ ಕಝೆಹಾಯಾಗೂ ಚಾಕೊಲೇಟ್ ಮಾಡಿ ತಂದಿರುತ್ತಾಳೆ, ಉಳಿದವರಿಗೆಲ್ಲ ಕೊಡುತ್ತಾಳೆ, ಅವನಿಗೆ ಮಾತ್ರ ಕೊಡಲು ಆಗುವುದಿಲ್ಲ. ಪ್ರೀತಿ ಇರುವ ಕಡೆಯೇ ಕೈ ಮುಂದೆ ಬರುವುದಿಲ್ಲ. ಎಷ್ಟು ನಿಜ ಇದು! ಅಲ್ಲಿಂದ ತಪ್ಪು ತಿಳುವಳಿಕೆ ಬೆಳೆಯುತ್ತದೆ. ಅವನಿಗೆ ‘ಇವಳಿಗೆ ನಾನು ಬೇಡ’ ಅನ್ನುವ ಭಯ, ಇವಳಿಗೆ ‘ನಾನು ಅವನಿಗೆ ತಕ್ಕವಳಲ್ಲ’ ಅನ್ನುವ ಭಯ. ಪುಸ್ತಕದಲ್ಲಿ ಈ ಭಾಗ ಓದುವಾಗ ನಾನು ಬೇಗ ಬೇಗ ಪುಟ ತಿರುಗಿಸಿದೆ, ನೋವಾದ ಕಡೆ ಮಾತ್ರ ನಿಂತೆ. ಆನಿಮೆಯಲ್ಲಿ ಆ ಸ್ವಾತಂತ್ರ್ಯ ಇಲ್ಲ. ಅದೇ ಯೋಚನೆಯನ್ನು ದನಿಯಲ್ಲಿ ಹೇಳಿಸುತ್ತಾರೆ, ಹಳೆಯ ದೃಶ್ಯ ಮತ್ತೆ ತೋರಿಸುತ್ತಾರೆ, ಮೇಲೆ ಪಿಯಾನೊ. ಸೀಸನ್ ಶುರುವಾಗುವುದೇ ಹಳೆಯದನ್ನು ನೆನಪಿಸುವ 0ನೇ ಕಂತಿನಿಂದ. ಎಸ್.ಇ.ಎನ್.ಎಸ್. ಪ್ರಾಜೆಕ್ಟ್‌ನ ಸಂಗೀತ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಖ ಬದಲಾಗುವ ಮುಂಚೆಯೇ ಸಂಗೀತ ಬಂದರೆ ನಮಗೆ ಏನು ಅನಿಸಬೇಕು ಅಂತ ಯಾರೋ ಕಿವಿಯಲ್ಲಿ ಹೇಳಿಕೊಟ್ಟ ಹಾಗಾಗುತ್ತದೆ. ಪುಟದಲ್ಲಿದ್ದ ಮೌನ ಕಳೆದುಹೋಗಿದ್ದು ಇಲ್ಲೇ.

ತಂಗಿ ಅತ್ತಿದ್ದು ಮಾತ್ರ ಇದೇ ಸೀಸನ್‌ಗೆ. ಶಾಲೆಯ ಹಬ್ಬದ ಹೊತ್ತಿಗೆ ಸವಾಕೊ ಕೊನೆಗೂ ಬಾಯಿ ಬಿಟ್ಟು ಹೇಳಿದಾಗ ಅವಳು ದಿಂಬು ಅವುಚಿಕೊಂಡು ಕೂತಿದ್ದಳು. ಅಷ್ಟು ಕಂತು ಕಾದು ಕಾದು ಸುಸ್ತಾದವಳಿಗೆ ಆ ಮಾತು ತಟ್ಟಿತು. ಆ ಎಳೆತದಿಂದಲೂ ಒಂದು ಲಾಭ ಇದೆ ಅಂತ ಒಪ್ಪಿಕೊಳ್ಳುತ್ತೇನೆ.

ಯಾಕೆ ಒಪ್ಪಿಕೊಳ್ಳುತ್ತೇನೆ ಅಂದರೆ ಅವಸರದಿಂದ ಏನಾಗುತ್ತದೆ ಅಂತ ಹೊರಿ, ಮಿಯಾಮುರಾ ಅನ್ನುವ ಶಾಲಾ ಜೋಡಿಯ ಪ್ರೇಮಕತೆ ಹೊರಿಮಿಯಾದಲ್ಲಿ ನೋಡಿದ್ದೇನೆ. 2021ರಲ್ಲಿ ಅದರ ಆನಿಮೆ ಮಾಡಿದ ಸ್ಟುಡಿಯೊ ಕ್ಲೋವರ್‌ವರ್ಕ್ಸ್ ಇಡೀ ಕತೆಯನ್ನು, ಹೈಸ್ಕೂಲು ಮುಗಿಯುವ ತನಕ, 13 ಕಂತಿಗೆ ತುಂಬಿತು. ಹಾಸಿಗೆ ಹಿಡಿದ ಹೊರಿಯ ಪಕ್ಕ ಕೂತು ಮಿಯಾಮುರಾ ಪ್ರೀತಿ ಹೇಳಿಕೊಳ್ಳುವ ದೃಶ್ಯ ಅದ್ಭುತ, ಅದಕ್ಕೆ ಬೇಕಾದ ಹೊತ್ತು ಕೊಟ್ಟಿದ್ದಾರೆ. ಆದರೆ ಆ ಮಾಂಗಾದ ಜೀವ ಇರುವುದು ಏನೂ ನಡೆಯದ ಮಧ್ಯಾಹ್ನಗಳಲ್ಲಿ, ಅಡುಗೆಮನೆ ಮಾತಿನಲ್ಲಿ, ಗೆಳೆಯರ ತಲೆಹರಟೆಯಲ್ಲಿ. ಅವೆಲ್ಲ ಬಿಟ್ಟುಹೋದವು. ಬಿಟ್ಟದ್ದನ್ನು ಹೇಳಲು 2023ರಲ್ಲಿ ಇನ್ನೂ 13 ಕಂತು ಮಾಡಬೇಕಾಯಿತು. ಹುಡುಗ ಹುಡುಗಿ ಹತ್ತಿರವಾದರು ಅಂತ ಗೊತ್ತಾಗುತ್ತದೆ, ಹತ್ತಿರವಾಗುತ್ತಾ ಇದ್ದದ್ದು ಗೊತ್ತಾಗುವುದಿಲ್ಲ.

ಕಿಮಿ ನಿ ತೊಡೊಕೆ ಮೂರನೇ ಸೀಸನ್ 2024ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. 13 ವರ್ಷ ಆದ ಮೇಲೆ! ಬರೀ ಐದು ಕಂತು, ಆದರೆ ಒಂದೊಂದೂ ಮಾಮೂಲಿಗಿಂತ ಬಹಳ ಉದ್ದ. ನೊತೊ ಮಾಮಿಕೊ, ಕಝೆಹಾಯಾ ದನಿಯ ನಮಿಕಾವಾ ದೈಸುಕೆ ಇಬ್ಬರೂ ಮರಳಿದ್ದಾರೆ. ಮೊದಲ ವಾಕ್ಯ ಕೇಳಿದ ಕೂಡಲೇ ಹಳೆಯ ಕ್ಲಾಸಿಗೆ ವಾಪಸ್ ಹೋದ ಹಾಗಾಯಿತು. ಚಿತ್ರದ ಗೆರೆ ಈಗ ಜಾಸ್ತಿ ನಯ, ಜಾಸ್ತಿ ಹೊಳಪು. ಮೊದಲಿನ ಜಲವರ್ಣದಂಥ ಮಸುಕು ನನಗೆ ಹೆಚ್ಚು ಇಷ್ಟ.

ಆದರೆ ರ್ಯೂ! ರಾಮೆನ್ (ನೂಡಲ್ಸ್) ಅಂಗಡಿ ಮನೆಯ ಹುಡುಗ, ಚಿಝುರುವನ್ನು ಚಿಕ್ಕಂದಿನಿಂದ ಮನಸ್ಸಿನಲ್ಲಿ ಇಟ್ಟುಕೊಂಡವನು. ಅವಳ ಮನಸ್ಸು ಅವನ ಸ್ವಂತ ಅಣ್ಣನ ಮೇಲಿತ್ತು ಅಂತ ಗೊತ್ತಿದ್ದೂ ಪಕ್ಕದಲ್ಲಿದ್ದವನು. ಅವನ ಮಾತು ಒಂದು ಪದ, ಎರಡು ಪದ. ಪುಸ್ತಕದಲ್ಲಿ ಅವನು ಮಾತಾಡದ ಚೌಕಗಳನ್ನು ನಾನು ಎಷ್ಟೋ ಸಲ ಬೇಗ ದಾಟಿಬಿಟ್ಟಿದ್ದೆ. ಪರದೆಯಲ್ಲಿ ದಾಟಲು ಆಗುವುದಿಲ್ಲ. ಅವನು ಸುಮ್ಮನಿದ್ದಷ್ಟು ಹೊತ್ತು ನಾವೂ ಅವನ ಜೊತೆ ಸುಮ್ಮನಿರಬೇಕು. ಎರಡನೇ ಸೀಸನ್‌ನಲ್ಲಿ ನನ್ನನ್ನು ಕಾಡಿದ ಅದೇ ಬಲವಂತ ಇಲ್ಲಿ ಅವನ ಪ್ರೀತಿ ಎಷ್ಟು ಭಾರ ಅಂತ ತೋರಿಸಿತು. 30 ಸಂಪುಟ ಓದಿದ ಮೇಲೂ ರ್ಯೂ ನನಗೆ ಪೂರ್ತಿ ಅರ್ಥವಾಗಿದ್ದು ಆನಿಮೆಯಲ್ಲಿ.

ನೋಡುವವರಿಗೆ ನನ್ನ ಸಲಹೆ: ಮೊದಲ ಸೀಸನ್ ಕಣ್ಣುಮುಚ್ಚಿ ಶುರು ಮಾಡಿ, ದಿನಕ್ಕೆ ಎರಡು ಕಂತಿಗಿಂತ ಜಾಸ್ತಿ ಬೇಡ. ಎರಡನೇ ಸೀಸನ್‌ನ ಭಾಗವನ್ನು ಪುಸ್ತಕದಲ್ಲಿ ಓದಿ, ಸಾಧ್ಯವಾದರೆ ಕೊನೆಯ ಕಂತುಗಳನ್ನು ಮಾತ್ರ ನೋಡಿ. ಮೂರನೆಯದನ್ನು ಚಿಝುರು, ರ್ಯೂಗಾಗಿ ಬಿಡಬೇಡಿ.

ಮೊನ್ನೆ ರಾತ್ರಿ ತಂಗಿ ಶೆಲ್ಫಿನಿಂದ ಮೊದಲ ಎರಡು ಸಂಪುಟ ಎತ್ತಿಕೊಂಡು ಹೋದಳು. ಎಷ್ಟಾಯಿತು ಅಂತ ಇವತ್ತು ಬೆಳಿಗ್ಗೆ ಕೇಳಿದೆ. ಇನ್ನೂ ಸೀಟು ಬದಲಾಯಿಸುವ ಪುಟಗಳಲ್ಲೇ ಇದ್ದಾಳಂತೆ, ಮುಂದೆ ಹೋಗಲು ಮನಸ್ಸು ಬರುತ್ತಿಲ್ಲವಂತೆ.